ಬಾಣಂತಿಯ ಅಕ್ಕಿ ಯಾವ ಪಟ್ಟಿಗೆ ಸೇರಿದ್ದು?

ಮೊಮ್ಮಗಳಿಗೆ ಎರೆದು ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದೆ. ಕುಣಿಗಲ್ಲಿನಿಂದ ನಮ್ಮಕ್ಕ ಬಂದಳು. ಕೈಯಲ್ಲಿ ಚೀಲ ಇತ್ತು. ಚೀಲದಲ್ಲಿ ಏನೂ ಇರಲಿಲ್ಲ.

"ಕಿತ್ಕೊಂಡ್ಬುಟ್ರು ಕಣೇ," ಅಂದವಳೇ ಹೊಸಲಿನ ಪಕ್ಕದಲ್ಲಿ ಕುಸಿದು ಕೂತಳು.

ಕಿತ್ತುಕೊಂಡದ್ದು ಚಿನ್ನವಲ್ಲ. ಹಳೇ ಅಕ್ಕಿ.

ನನ್ನ ಮಗಳು ಶಾರದೆ ಹೆತ್ತು ಹದಿಮೂರು ದಿನವಾಗಿತ್ತು. ಬಾಣಂತಿಗೆ ಹೊಸ ಅಕ್ಕಿ ಹಾಕಬಾರದು ಅನ್ನೋದು ನನ್ನ ಓದುಗ ತಾಯಂದಿರಿಗೆ ಗೊತ್ತೇ ಇದೆ. (ಅಪ್ಪಂದಿರೂ ಈ ಪುಟ ಓದುತ್ತೀರಂತೆ, ನಿಮಗಾಗಿ ಹೇಳುತ್ತೇನೆ: ವರ್ಷ ದಾಟಿದ ಅಕ್ಕಿ ಹಗುರ, ಬೇಗ ಅರಗುತ್ತೆ.) ರೇಷನ್ ಅಂಗಡಿಯಲ್ಲಿ ಈಗ ಸಿಗುವುದು ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ. ಅದರ ಗಂಜಿ ಕುಡಿದು ಹುಡುಗಿಗೆ ನಾಲ್ಕು ದಿನದಿಂದ ಹೊಟ್ಟೆ ಕೆಟ್ಟಿತ್ತು. ಎದೆಹಾಲು ಕಡಿಮೆಯಾಗಿತ್ತು. ಮಗು ಅಳುವ ದನಿಯೇ ಸಣ್ಣಗಾಗುತ್ತಿತ್ತು. ಅದಕ್ಕೇ ಅಕ್ಕನಿಗೆ ಕಾಗದ ಹಾಕಿದ್ದೆ.

ಊರ ಹೊರಗೆ ಬಸ್ಸು ನಿಲ್ಲಿಸಿ, ಯಾರಾದರೂ ಅಕ್ಕಿ ಸಾಗಿಸುತ್ತಿದ್ದಾರಾ ಅಂತ ತಪಾಸಣೆ ಮಾಡಿದರಂತೆ. ಪಕ್ಕದ ಸೀಟಿನವಳು ತನ್ನ ಗಂಟಿನ ಮೇಲೆ ಸೀರೆ ಹರಡಿಕೊಂಡು ಕೂತಳಂತೆ. ಇನ್ನೊಬ್ಬಳು "ಹುರುಳಿ" ಅಂದಳಂತೆ. ನಮ್ಮಕ್ಕ? ಕೇಳುವ ಮುಂಚೆಯೇ ಚೀಲದ ಬಾಯಿ ಬಿಚ್ಚಿದಳಂತೆ.

"ಎರಡು ವರ್ಷದ ಹಳೇ ಅಕ್ಕಿ ಸ್ವಾಮಿ. ಬಾಣಂತಿಗೆ."

ಹೆಮ್ಮೆಯಿಂದಲೇ ಹೇಳಿದ್ದು. ನಮ್ಮ ಕಡೆ ಮನೆಯಲ್ಲಿ ಹಳೇ ಅಕ್ಕಿ ಇದೆ ಅಂದರೆ ಆ ಹೆಂಗಸು ಸಂಸಾರ ನಾಜೂಕಾಗಿ ನಡೆಸಿದ್ದಾಳೆ ಅಂತ ಅರ್ಥ. ಬಾಣಂತಿ ಅಂದರೆ ಯಾರು ತಾನೇ ತಡೆಯುತ್ತಾರೆ ಅಂತಲೂ ಅವಳ ನಂಬಿಕೆ.

"ಎರಡು ವರ್ಷ ಇಟ್ಕೊಂಡಿದ್ರಾ? ಹಂಗಾದ್ರೆ ಇದು ಅಕ್ರಮ ದಾಸ್ತಾನು," ಅಂದನಂತೆ ತಪಾಸಣೆಯವನು.

ನಾವು ಗುಣ ಅಂದುಕೊಂಡಿದ್ದು ಸರಕಾರಕ್ಕೆ ಗುನ್ನೆ!

"ನಿನ್ನ ಹೆಂಡ್ತಿ ಹೆತ್ತಾಗ ಏನಪ್ಪಾ ತಿಂದ್ಲು?" ಅಂತ ಅಕ್ಕ ಕೇಳಿದಳಂತೆ.

"ಹಳೇ ಅಕ್ಕಿನೇ ಕಣಮ್ಮ. ನಾನೇನ್ ಮಾಡ್ಲಿ? ಆರ್ಡರ್ ಬಂದೈತೆ, ದಿಲ್ಲಿಯಿಂದ."

ಇತ್ತ ಅಡುಗೆಮನೆಯಲ್ಲಿ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರೆ ಅತ್ತ ಹಜಾರದಲ್ಲಿ ಮೀಟಿಂಗು. ನಮ್ಮ ಯಜಮಾನರು ಸ್ಕೂಲು ಮೇಷ್ಟ್ರು. ಜತೆಗೆ ಪಕ್ಕದ ಬೀದಿಯ ವಕೀಲರು, ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಸಾಹೇಬರು. ಮೂವರೂ ಸೇರಿ ಪಾರ್ಲಿಮೆಂಟಿನ ಸುಧಾರಣೆಗೆ ಸಲಹೆಗಳನ್ನು ಬರೆಯುತ್ತಿದ್ದರು, ನಮ್ಮ ಮೆಂಬರಿಗೆ ಕಳಿಸಲು. ಮೇಲ್ಮನೆಯಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ಸಮನಾದ ಸೀಟು ಇರಬೇಕು. ಅಲ್ಲಿಗೆ ಹೋಗುವವರು ಆಯಾ ರಾಜ್ಯದಲ್ಲಿ ಬಾಳಿದವರಾಗಿರಬೇಕು. ತೆರಿಗೆಯಲ್ಲಿ ರಾಜ್ಯಗಳ ಪಾಲು ಹೆಚ್ಚಬೇಕು. ಒಳ್ಳೆಯ ಮಾತುಗಳೇ. ನಾನು ಬೇಡ ಅನ್ನುತ್ತೇನಾ?

ಕಾಫಿ ಕೊಟ್ಟು ಅಲ್ಲೇ ನಿಂತೆ. "ವಕೀಲರೇ, ಅಕ್ಕಿ ವಿಷಯ ಯಾರದ್ದು? ನಮ್ಮ ಸರಕಾರದ್ದೋ, ದಿಲ್ಲಿಯದ್ದೋ?"

"ರಾಜ್ಯಾಂಗದಲ್ಲಿ ಮೂರು ಪಟ್ಟಿ ಇದೆ ತಾಯಿ. ಒಂದು ದಿಲ್ಲಿದು, ಒಂದು ರಾಜ್ಯದ್ದು, ಮೂರನೇದು ಇಬ್ಬರದೂ. ದವಸಧಾನ್ಯದ ವ್ಯಾಪಾರ ಮೂರನೇದಕ್ಕೆ ಬರುತ್ತೆ."

"ಇಬ್ಬರೂ ಬೇರೆ ಬೇರೆ ಹೇಳಿದರೆ?"

"ಸಾಮಾನ್ಯವಾಗಿ ದಿಲ್ಲಿ ಮಾತೇ ನಡೆಯೋದು."

"ಮತ್ತೆ ಇಬ್ಬರದೂ ಅಂತ ಯಾಕೆ ಬರೆದರು?"

ಸಾಹೇಬರು ನಕ್ಕುಬಿಟ್ಟರು. "ಅಮ್ಮಾವ್ರು ವಕೀಲರನ್ನೇ ಕ್ರಾಸ್ ಮಾಡ್ಬುಟ್ರಲ್ಲ!"

ನನಗೆ ನಗು ಬರಲಿಲ್ಲ. ಅಕ್ಕನಿಗಾದದ್ದನ್ನು ಹೇಳಿದೆ. "ಇದನ್ನೂ ಬರೆದುಕೊಳ್ಳಿ. ಜನ ತಿನ್ನೋ ಕಾಳಿನ ಮೇಲೆ ದಿಲ್ಲಿಯಲ್ಲಿ ಕಾನೂನು ಮಾಡೋ ಮುಂಚೆ ಆಯಾ ರಾಜ್ಯದ ಸಭೆಗೆ ಕಳಿಸಲಿ. ಯಾವ ಮನೆಯಲ್ಲಿ ಯಾವ ಕಾಳು ಯಾಕೆ ಎತ್ತಿಟ್ಟಿರ್ತಾರೆ ಅಂತ ವಿಚಾರಿಸಲಿ."

"ಅದು ದೂರು ಕಣೇ, ಸಲಹೆ ಅಲ್ಲ," ಅಂದರು ಯಜಮಾನರು. "ಇದು ಪಾರ್ಲಿಮೆಂಟಿಗೆ ಹೋಗೋ ಕಾಗದ. ಮನೆ ರಾಮಾಯಣ ಎಲ್ಲಾ ಬರೆಯೋಕಾಗುತ್ತಾ?"

"ದೂರು ಇಲ್ಲದ ಮೇಲೆ ಸಲಹೆ ಯಾರಿಗೆ ಬೇಕು?"

ಅವರು ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

ನಾನು ದಿಲ್ಲಿಯವರನ್ನು ಶಪಿಸುವವಳಲ್ಲ. ದೇಶದಲ್ಲಿ ಎಲ್ಲೋ ಮಳೆಯಿಲ್ಲ, ಯಾರದೋ ಮಕ್ಕಳು ಉಪವಾಸ ಇವೆ. ಇದ್ದುದನ್ನು ಹಂಚಿಕೊಂಡು ತಿನ್ನಬೇಕು, ಅದು ಭಗವಂತ ಮೆಚ್ಚುವ ಮಾತು. ಗೋಡೌನಿನಲ್ಲಿ ಮೂಟೆ ಬಚ್ಚಿಟ್ಟವನನ್ನು ಹಿಡಿಯಲಿ, ಬೇಡ ಅಂದವರಾರು? ಆದರೆ ಗೋಡೌನಿಗೂ ಮಡಕೆಗೂ ವ್ಯತ್ಯಾಸ ಕಾಣಬೇಕಾದರೆ ಸ್ವಲ್ಪ ಹತ್ತಿರದಲ್ಲಿರಬೇಕಲ್ಲವೇ? ರೊಟ್ಟಿ ತಿನ್ನುವ ಸೀಮೆಯವರಿಗೆ ನಮ್ಮ ಬಾಣಂತಿ ಅಕ್ಕಿ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದ್ದು ಅವರ ತಪ್ಪಲ್ಲ. ಗೊತ್ತಿರುವವರ ಕೈಯಲ್ಲಿ ಅಧಿಕಾರ ಇಲ್ಲದಿರುವುದು ತಪ್ಪು. ಇನ್ನೂ ಒಂದು ಮಾತು: ನಮ್ಮ ಬೆಂಗಳೂರಿನವರ ಕೈಗೇ ಪೂರಾ ಕೊಟ್ಟರೂ ಅವರು ಕುಣಿಗಲ್ಲಿನ ಮಡಕೆಯೊಳಗೆ ಇಣುಕುತ್ತಾರೆ ಅನ್ನೋ ಭರವಸೆ ನನಗಿಲ್ಲ. ಕೇಳುವುದಕ್ಕೆ ಹತ್ತಿರದಲ್ಲಿ ಒಂದು ಬಾಗಿಲಾದರೂ ಇರುತ್ತಿತ್ತು, ಅಷ್ಟೆ.

ಸಾಯಂಕಾಲ, ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ, ಒಂದು ಪುಟ್ಟ ಗಂಟು ಹಿಡಿದು ಸಾಹೇಬರೇ ಬಂದರು.

"ನಮ್ಮನೇವ್ರು ಸೊಸೆ ಬಾಣಂತನಕ್ಕೆ ಅಂತ ಇಟ್ಟಿದ್ದು. ಅವಳಿಗಿನ್ನೂ ಎರಡು ತಿಂಗಳೈತೆ. ಅರ್ಧ ಕಳ್ಸವ್ರೆ, ಇಟ್ಕೊಳ್ಳಿ."

ಅಕ್ಕ ನನ್ನ ಮುಖ ನೋಡಿದಳು. (ಅವಳ ಮಡಿ ನಿಮಗೆ ಗೊತ್ತಿಲ್ಲ.) "ಅಕ್ಕಿಗೆ ಯಾವ ಜಾತಿಯೇ? ತೊಳೆದು ಹಾಕು," ಅಂದೆ. ತೊಳೆದಳು. ತೊಳೆಯುತ್ತಾ, "ನನ್ನ ಅಕ್ಕಿಗಿಂತ ಹಳೇದು ಕಣೇ," ಅಂದಳು.

ಅವತ್ತು ಶಾರದೆ ಮೆಣಸಿನ ಸಾರು, ತುಪ್ಪ ಹಾಕಿಕೊಂಡು ಒಂದು ತುತ್ತೂ ಬಿಡದೆ ಉಂಡಳು. ಎರಡನೇ ದಿನಕ್ಕೆ ಹೊಟ್ಟೆ ಹತೋಟಿಗೆ ಬಂತು. ಎದೆಹಾಲು ಸ್ವಲ್ಪ ಹೆಚ್ಚಿತು. ಮಗು ಕುಡಿದು ಹಾಗೇ ನಿದ್ದೆ ಹೋಯಿತು. ಇಷ್ಟು ಕೊಟ್ಟನಲ್ಲ ಭಗವಂತ, ಕೈ ಮುಗಿದೆ.

ಆ ಅಕ್ಕಿ ಐದು ಹೊತ್ತಿನ ಊಟಕ್ಕಾಯಿತು, ಅಷ್ಟೇ. ಇನ್ನರ್ಧ ಕೇಳಲು ಬಾಯಿ ಬರುತ್ತದೆಯೇ? ಅವರ ಸೊಸೆಯೂ ಹೆರಬೇಕು.

ಇವತ್ತು ಬೆಳಿಗ್ಗೆ ಯಜಮಾನರು ಸಲಹೆಗಳ ಕಾಗದವನ್ನು ಅಂಚೆಗೆ ಹಾಕಿ ಬಂದರು. ಮುಂದಿನ ಅಧಿವೇಶನದಲ್ಲಿ ನಮ್ಮ ಮೆಂಬರು ಅದನ್ನು ಎತ್ತಿದರೂ ಎತ್ತಬಹುದಂತೆ. "ಅದು ಯಾವಾಗ?" ಅಂದೆ. ಅವರಿಗೂ ಸರಿಯಾಗಿ ಗೊತ್ತಿಲ್ಲ. ಒಳಗೆ ಮಗು ಎದ್ದು ರಾಗ ತೆಗೆಯಿತು.

ಪಾರ್ಲಿಮೆಂಟು ಸೇರುವವರೆಗೆ ಕಾಯಿ ಅಂತ ಹಸುಗೂಸಿಗೆ ಯಾವ ಪಟ್ಟಿ ತೋರಿಸಿ ಹೇಳಲಿ? ಬೀಸುವ ಕಲ್ಲು ಒರೆಸಿ, ರೇಷನ್ ಗೋಧಿ ಸುರಿದುಕೊಂಡು ಕೂತೆ.