ಅಜ್ಜಾಜಿಯ ಮೊದಲ ತುತ್ತು

ಎಳ್ಳು ಹುರಿಯುವ ವಾಸನೆ ಬಂದರೆ ಸಾಕು, ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಊಟದ ಕೋಣೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಕೆಂಪು ಗಾರೆ ನೆಲ, ಹಾಗಲಕಾಯಿ ಗೊಜ್ಜು ಬಡಿಸಿದ ಬೆಳ್ಳಿ ತಟ್ಟೆ, ಅದರ ಮುಂದೆ ಸುಮ್ಮನೆ ಕಾಯುತ್ತ ಕೂತ ನಮ್ಮ ಅಜ್ಜಾಜಿ, ಅಂದರೆ ಅಪ್ಪನ ಅಪ್ಪ. ಅವರು ಹುಟ್ಟಿದ್ದು ಈಗ ಹೆಸರೂ ಉಳಿಯದ ಒಂದು ಪುಟ್ಟ ಸಂಸ್ಥಾನದ ರಾಜಕುಮಾರನಾಗಿ. ರಾಜಕುಮಾರ ಅಂದರೆ ನೀವು ಕತ್ತಿ, ಕುದುರೆ ಅಂದುಕೊಂಡೀರಿ, ಎಂಥದ್ದೂ ಇಲ್ಲ. ಬರಿಗಾಲು ನೆಲಕ್ಕೆ ತಾಗಕೂಡದು, ಬೀದಿ ಮಕ್ಕಳ ಜೊತೆ ಆಡಕೂಡದು, ಹೆತ್ತ ತಾಯಿಯನ್ನು ನೋಡಬೇಕಾದರೂ ಅಪ್ಪಣೆ ಬೇಕು. ಸಂಸ್ಥಾನ ಹೋಯಿತು, ಅರಮನೆ ಹೋಯಿತು. ಉಳಿದದ್ದು ಈ ಮನೆ ಮತ್ತು ಒಂದು ಅಭ್ಯಾಸ: ಬೇರೆಯವರು ಒಂದು ತುತ್ತು ತಿಂದು ನೋಡದೆ ಅಜ್ಜಾಜಿ ತಟ್ಟೆಗೆ ಕೈಹಾಕುತ್ತಿರಲಿಲ್ಲ.

ಅಜ್ಜಿ ಇರುವ ತನಕ ಅದು ಸಲೀಸಾಗಿ ನಡೆಯಿತು. ಅವರು ಪಕ್ಕದಲ್ಲಿ ಕೂತು, ತಟ್ಟೆಯ ಅಂಚಿನಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಅರಮನೆಯಲ್ಲಿ ಹೇಳುತ್ತಿದ್ದ ಹಾಗೇ "ಚೆನ್ನಾಗಿದೆ ಬುದ್ಧಿ, ಊಟ ಮಾಡಿ" ಅನ್ನುತ್ತಿದ್ದರು. ದೊರೆಗಳನ್ನು ಕರೆಯುವ ಆ 'ಬುದ್ಧಿ' ಅಜ್ಜಿಯ ಬಾಯಲ್ಲಿ ಅರ್ಧ ಗೌರವ, ಅರ್ಧ ತಮಾಷೆ. ಅವರು ತೀರಿಕೊಂಡ ಮೇಲೆ ಆ ಕೆಲಸ ಅಮ್ಮನ ಪಾಲಿಗೆ ಬಂತು. ಅಮ್ಮ ಶ್ರೀರಾಂಪುರದ ದುಡಿದು ತಿನ್ನುವವರ ಮನೆ ಮಗಳು, ಮೂಗಿನ ತುದಿಯಲ್ಲೇ ಸಿಟ್ಟು. ತಟ್ಟೆ ಇಟ್ಟವಳೇ ಸೊಂಟದ ಮೇಲೆ ಕೈಯಿಟ್ಟಳು. "ಯಾಕ್ ಮಾವ, ನಾನೇನ್ ವಿಷ ಹಾಕಿದೀನಾ? ಬೇಯ್ಸಿ ಹಾಕೋಳ ಮೇಲೇ ಅನುಮಾನಾನಾ?" ಅಜ್ಜಾಜಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೇಳಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ ನೋಡಿ. ಮಾರನೇ ದಿನದಿಂದ ತಟ್ಟೆ ಅವರ ಕೋಣೆಗೇ ಹೋಯಿತು, ಅರ್ಧ ಹಾಗೇ ವಾಪಸ್ಸು ಬಂತು. ನನ್ನ ಕೈ ಅಡುಗೆ ಇವರಿಗೆ ಸೇರಲ್ಲ ಅಂತ ಅಮ್ಮ ಇನ್ನಷ್ಟು ಉರಿದುಕೊಂಡಳು. ಅವರು ಹೋಗುವ ತನಕ ಹೀಗೇ ನಡೆಯಿತು.

ತಿಥಿಯ ದಿನ ಅಜ್ಜಾಜಿಯ ತಂಗಿ ಬಂದಿದ್ದರು. ಅಮ್ಮ ಅವರ ಮುಂದೆ ತನ್ನ ಹೊಟ್ಟೆಯ ಉರಿಯನ್ನೆಲ್ಲ ಕಾರಿಕೊಂಡಳು. ಆ ಮುದುಕಿ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದರು: "ವಿಷದ ಮಾತಲ್ಲ ಕಣಮ್ಮ. ಅಷ್ಟು ದೊಡ್ಡ ಹಜಾರದಲ್ಲಿ ಅಣ್ಣಾಜಿ ಒಬ್ರೇ ಊಟಕ್ಕೆ ಕೂರ್ಬೇಕಿತ್ತು. ಜೊತೇಲಿ ಕೂತು ತಿನ್ನೋಳು ಅಂತಿದ್ದಿದ್ದು ರುಚಿ ನೋಡೋ ಲಿಂಗಮ್ಮ ಒಬ್ಳೇ. ಅವಳು ಒಂದ್ ತುತ್ತು ತಿಂದ್ರೇನೇ ಅವರಿಗೆ ಅನ್ನ ಗಂಟಲಲ್ಲಿ ಇಳೀತಿತ್ತು." ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮನೆ ಈಗಿಲ್ಲ. ಅದೇ ಜಾಗದ ಅಪಾರ್ಟ್‌ಮೆಂಟಿನಲ್ಲಿ ನಾನೂ ಅಮ್ಮನೂ ಇದ್ದೇವೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಎಡೆಯ ಅಡುಗೆಯನ್ನು ಯಾರೂ ರುಚಿ ನೋಡುವ ಹಾಗಿಲ್ಲ, ಉಪ್ಪು ಕೂಡ ಅಂದಾಜಿನ ಮೇಲೇ. ನಿಮ್ಮ ಮನೆಯಲ್ಲೂ ಅಷ್ಟೇ ಅಲ್ಲವಾ? ಈ ಸಲವೂ ಅಮ್ಮ ತಾನೇ ಎಳ್ಳು ಹುರಿದು ಗೊಜ್ಜು ಮಾಡಿದಳು. ಬಗ್ಗದ ಮೊಣಕಾಲನ್ನು ಬಗ್ಗಿಸಿ ಅಜ್ಜಾಜಿಯ ಫೋಟೊದ ಮುಂದೆ ಎಲೆ ಹಾಸಿ, ಬಡಿಸಿ, ಅಲ್ಲೇ ಕೂತಳು. ಆಮೇಲೆ ಎಲೆಯ ಅಂಚಿನಿಂದ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು. "ಅಯ್ಯೋ, ಅಮ್ಮಾ!" ಅಂದೆ. ಅವಳು ನನ್ನತ್ತ ತಿರುಗಲೇ ಇಲ್ಲ.

"ಚೆನ್ನಾಗಿದೆ ಬುದ್ಧಿ," ಅಂದಳು. "ಊಟ ಮಾಡಿ."