ಹಾಸಿಗೆ ಪಕ್ಕದ ಪುಸ್ತಕ

ಯಾವುದೇ ಹೊಸ ಪುಸ್ತಕ ಕೈಗೆ ಕೊಟ್ಟರೂ ಈರಣ್ಣ ಸರ್ ಅದನ್ನು ಹಿಂದಿನಿಂದ ತೆರೆಯುತ್ತಿದ್ದರು. ಮುಖಪುಟ, ಮುನ್ನುಡಿ, ಲೇಖಕರ ಪದವಿಗಳು ಯಾವುವೂ ಅವರಿಗೆ ಬೇಡ. ಕನ್ನಡಕವನ್ನು ಹಣೆಗೇರಿಸಿ, ಕೊನೆಯ ಪದಸೂಚಿಯ ಮೇಲೆ ಬೆರಳಾಡಿಸುತ್ತ ಒಂದು ಔಷಧದ ಹೆಸರು ಹುಡುಕುತ್ತಿದ್ದರು. ಸಿಗದಿದ್ದರೆ ಪುಸ್ತಕ ಮುಚ್ಚಿ ಅತ್ತ ಸರಿಸುತ್ತಿದ್ದರು.

ಜಿಗಣಿ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾವು ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಓದುತ್ತಿದ್ದೆವು. ನರ್ಸ್ ಆಗಿ ದುಡಿದವರು ಮತ್ತೆ ಓದಿ, ಐಸಿಯುನಲ್ಲಿ ಡಾಕ್ಟರ ಜೊತೆ ನಿಂತು ಚಿಕಿತ್ಸೆಯ ತೀರ್ಮಾನಗಳಲ್ಲಿ ಪಾಲು ತೆಗೆದುಕೊಳ್ಳಲು ಕಲಿಯುವ ಕೋರ್ಸು. ಈರಣ್ಣ ಸರ್ ನಮ್ಮ ಮೇಷ್ಟರು. ಬಾಗಲಕೋಟೆ ಕಡೆಯವರು, ಇಷ್ಟು ವರ್ಷ ಇಲ್ಲಿದ್ದರೂ ಮಾತು ಮಾತ್ರ ಊರಿನದೇ. ನಾನು ಬೇಗೂರಿನವಳು. ಅವರು ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ಮೊದಮೊದಲು ಗೊತ್ತಾಗುತ್ತಿರಲಿಲ್ಲ.

ನಮಗೆಲ್ಲ ಯಾವ ಪುಸ್ತಕ ಕೊಡಿಸಬೇಕೆಂದು ಆರಿಸುವ ಕೆಲಸ ಅವರದು. ಒಮ್ಮೆ ಪುಸ್ತಕ ಮಾರುವವರೊಬ್ಬರು ದಪ್ಪನೆಯದೊಂದನ್ನೂ ತೆಳ್ಳನೆಯದೊಂದನ್ನೂ ತಂದರು. ಸರ್ ಅವನ್ನು ನಮ್ಮ ಕೈಗಿತ್ತು, "ರಕ್ತದಾಗ ಪೊಟ್ಯಾಸಿಯಂ ಏರೇತಿ, ಇಸಿಜಿ ಕೆಟ್ಟೇತಿ. ಮೊದಲ ಏನ ಕೊಡ್ತೀರಿ? ಹುಡುಕ್ರಿ" ಎಂದರು. ದಪ್ಪ ಪುಸ್ತಕ ಹಿಡಿದ ನಾನು ಕಿಡ್ನಿಯ ಅಧ್ಯಾಯದಲ್ಲೇ ಅಲೆಯುತ್ತಿದ್ದೆ. ಗೆಳತಿ ದಿವ್ಯಾ ಅಷ್ಟರಲ್ಲಿ ತೆಳ್ಳನೆಯದರಿಂದ ಉತ್ತರ ಓದಿಬಿಟ್ಟಳು.

"ಸಾರ್, ಇದ್ರಲ್ಲಿ ಕಲರ್ ಫೋಟೋ ಎಲ್ಲಾ ಇದೆ" ಎಂದು ಪುಸ್ತಕ ಮಾರುವವರು ದಪ್ಪನೆಯದನ್ನು ತೋರಿಸಿದರು.

"ಚಲೋ ಅದಾವ್ರಿ. ಕುಂತು ಓದಾಕ ಇದೂ ಬೇಕು, ಲೈಬ್ರರಿಗೆ ಕೊಡ್ರಿ. ಹಾಸಿಗಿ ಪಕ್ಕಕ್ಕ ಆ ಸಣ್ಣದು."

ಆ್ಯಪ್‌ಗಳ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ, ಆದರೆ ಕಣ್ಣು ಮುಚ್ಚಿ ನಂಬುತ್ತಿರಲಿಲ್ಲ. ಒಂದು ದಿನ ಫ್ಯಾಕ್ಟರಿ ಕೆಲಸದ ಹೆಂಗಸೊಬ್ಬಳ ಬಿಪಿ ಕುಸಿಯಿತು. ದಿವ್ಯಾ ಮೊಬೈಲ್‌ನ ಆ್ಯಪ್ ನೋಡಿ ಔಷಧದ ಪ್ರಮಾಣ ಲೆಕ್ಕ ಹಾಕಿದಳು. ಸರ್ ಅವಳ ಕೈ ತಡೆದು, ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆ ತೋರಿಸಿದರು.

"ಅದನ್ನ ಬರದವ್ರು ನಮ್ಮ ಆಂಪೂಲ್ ನೋಡಿಲ್ಲವ್ವಾ. ಇದರ ಮ್ಯಾಲೆ ಬರದ ಪ್ರಮಾಣದ ಲೆಕ್ಕ ಬ್ಯಾರೆ ಇರಬಹುದು. ನಂಗೂ ಪಕ್ಕಾ ಇಲ್ಲ. ಫಾರ್ಮಸಿಗೆ ಫೋನ್ ಹಚ್ಚು."

ರೋಗಿಯ ಗಂಡ ಅಲ್ಲೇ ನಿಂತಿದ್ದ. ಅವನೆದುರು "ಪಕ್ಕಾ ಇಲ್ಲ" ಎನ್ನಲು ಅವರಿಗೆ ಸಂಕೋಚವೇ ಆಗಲಿಲ್ಲ. ಫಾರ್ಮಸಿಯವರು ಲೆಕ್ಕ ಬೇರೆಯೇ ಎಂದರು. ದಿವ್ಯಾ ಮತ್ತೆ ತಯಾರಿಸಿದಳು. ಆ ಹೆಂಗಸು ಚೇತರಿಸಿಕೊಂಡು ಮನೆಗೆ ಹೋದಳು.

ಕೋರ್ಸ್ ಮುಗಿದ ಮೇಲೆ ನನಗೂ ದಿವ್ಯಾಗೂ ಅದೇ ಐಸಿಯುನಲ್ಲಿ ಕೆಲಸ ಸಿಕ್ಕಿತು. ಹೋದ ವರ್ಷ ಒಂದು ಬೆಳಿಗ್ಗೆ ಈರಣ್ಣ ಸರ್ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಬೈಕ್ ನಿಲ್ಲಿಸಿ ಇಳಿಯುತ್ತಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ನನ್ನದೇ ಡ್ಯೂಟಿ. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು. ಅಂಗಿ ಕತ್ತರಿಸಿದೆ, ರಕ್ತನಾಳಕ್ಕೆ ಲೈನ್ ಹಾಕಿದೆ, ಔಷಧದ ಪ್ರಮಾಣ ಆ ಸಣ್ಣ ಪುಸ್ತಕದಲ್ಲಿ ನೋಡಿ ದಿವ್ಯಾಳಿಂದಲೂ ನೋಡಿಸಿದೆ. ಅವಳು ಅಳುತ್ತಿದ್ದಳು. ನನಗೇನೂ ಆಗಲಿಲ್ಲ. ಯಾರದೋ ಹೆಸರು ಬರೆಯುವಂತೆ ಅವರ ಹೆಸರು ಬರೆದೆ. ಆಪರೇಷನ್‌ನಿಂದ ಉಪಯೋಗವಿಲ್ಲ ಎಂದು ಸರ್ಜನ್ ಹೇಳಿಹೋದರು.

ಹೊರಗೆ ಅವರ ಹೆಂಡತಿ ಮಹಾದೇವಕ್ಕ ಒಬ್ಬರೇ ಕೂತಿದ್ದರು. ನನ್ನನ್ನು ಕಂಡು ಎದ್ದರು.

"ಡಾಕ್ಟರ್ ಹೇಳಿದ್ದು ತಿಳೀಲಿಲ್ಲ ತಂಗಿ. ಪುಸ್ತಕದಾಗ ಏನ ಬರದಾರ?"

"ಮೆದುಳಲ್ಲಿ ಇಷ್ಟೊಂದು ರಕ್ತ ಸೋರಿದ್ರೆ ಉಳಿಯೋದು ತುಂಬಾ ಕಷ್ಟ ಅಂತಿದೆ ಅಕ್ಕಾ."

"ಇವ್ರು ಆರಿಸಿದ್ದ ಪುಸ್ತಕನ ಏನು?"

"ಹೌದು."

"ಹಂಗಾರ ಖರೇನ ಇರತೈತಿ" ಎಂದು ಅವರು ಕೂತರು. ಆಮೇಲೆ ಊರಿಗೆ ಫೋನ್ ಮಾಡಿ, "ಲಗೂನ ಹೊರಡ್ರಿ" ಎಂದರು.

ನಾನು ಒಳಗೆ ಹೋಗಿ ಸರ್ ತುಟಿ ಒರೆಸಿ ಪಕ್ಕದಲ್ಲಿ ನಿಂತೆ. ಸಂಜೆಯ ಹೊತ್ತಿಗೆ ಅವರಿರಲಿಲ್ಲ. ಹಾಸಿಗೆಗೆ ಬೇರೆ ಹೊದಿಕೆ ಹಾಸಿದರು. ಅತ್ತಿಬೆಲೆಯಿಂದ ಬಂದ ರೋಗಿಯೊಬ್ಬರನ್ನು ಅಲ್ಲಿ ಮಲಗಿಸಿಕೊಂಡೆ.