ಅಕ್ಕನ ಕೈಯಲ್ಲೇ ಆಫ್ ಆಗುವ ಲ್ಯಾಪ್‌ಟಾಪ್

ನಮ್ಮಕ್ಕ ಟೈಪಿಂಗ್ ಮಾಡಿಯೇ ಬದುಕು ಕಟ್ಟಿಕೊಂಡವಳು. ಪ್ರೆಸ್ಸಿನವರು ಕಳಿಸುವ ಬರಹ ಎಷ್ಟೇ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೂ ಅವಳ ಕೈಗೆ ಬಂದರೆ ಅಚ್ಚುಕಟ್ಟು. ಒತ್ತಕ್ಷರ ನುಂಗಿದ ಲೇಖಕರಿಗೆ ಫೋನ್ ಮಾಡಿ ದಬಾಯಿಸುತ್ತಾಳೆ. ಮದುವೆ ಬೇಡವೆಂದವಳಿಗೆ ಆ ಹಳೇ ಲ್ಯಾಪ್‌ಟಾಪೇ ಸಂಸಾರ.

ಅದು ಈಗ ಕೈಕೊಡುತ್ತಿತ್ತು. ಟೈಪ್ ಮಾಡುತ್ತಿದ್ದಂತೆ ಪರದೆ ನೀಲಿಯಾಗಿ ಏನೇನೋ ಬರೆದುಕೊಂಡು ಆಫ್ ಆಗುತ್ತಿತ್ತು. ಕೈಯಲ್ಲಿದ್ದ ನಿಘಂಟಿನ ಕೆಲಸ ಸಂಜೆಯೊಳಗೆ ಮುಗಿಯದಿದ್ದರೆ ಇನ್ನು ಮುಂದೆ ಬೇರೆಯವರಿಗೇ ಕೊಡುತ್ತೇನೆಂದು ಪ್ರೆಸ್ಸಿನ ಯಜಮಾನರು ಹೇಳಿಬಿಟ್ಟಿದ್ದರು.

ಆಫೀಸಿನಲ್ಲಿ ಎಲ್ಲರ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ರಜೆ ಹಾಕಿ ಬಂದು ಫ್ಯಾನಿನ ಧೂಳು ತೆಗೆದೆ, ರ‍್ಯಾಮ್ ಬಿಚ್ಚಿ ಒರೆಸಿ ಹಾಕಿದೆ, ವೈರಸ್ ಹುಡುಕಿದೆ. ಬೆಳಿಗ್ಗೆಯೆಲ್ಲ ಮನಸ್ಸಿಗೆ ಬಂದದ್ದನ್ನು ಟೈಪ್ ಮಾಡಿ ನೋಡಿದೆ. ನಾನು ಕೂತರೆ ಅದು ಸಾಧು ಪ್ರಾಣಿ. ಅಕ್ಕ ಕೂತು ಎರಡು ಸಾಲು ಟೈಪ್ ಮಾಡಿದ್ದೇ ತಡ, ಆಫ್.

"ಎಲ್ಲಾ ನಿನ್ನ ಕೈಗುಣ ಕಣಕ್ಕ" ಎಂದು ರೇಗಿಸಿದೆ.

ಬೇರೆ ದಿನವಾಗಿದ್ದರೆ ನನ್ನ ಜನ್ಮ ಜಾಲಾಡುತ್ತಿದ್ದಳು. ಅಂದು ಬಲಗೈ ಚಾಚಿ ಲ್ಯಾಪ್‌ಟಾಪ್ ಮತ್ತೆ ಆನ್ ಮಾಡಿದಳಷ್ಟೇ. ಅದೇ ನನ್ನನ್ನು ಹೆದರಿಸಿತು.

"ಇನ್ನೊಂದ್ಸಲ ಟೈಪ್ ಮಾಡು, ನೋಡ್ತೀನಿ" ಎಂದೆ. ಈ ಸಲ ಪರದೆ ಬಿಟ್ಟು ಅವಳ ಕೈಗಳನ್ನೇ ನೋಡಿದೆ. ಬಲಗೈ ಕುಣಿಯುತ್ತಿತ್ತು. ಎಡಗೈಯ ಮಣಿಕಟ್ಟು ಮಾತ್ರ ಕೀಲಿಗಳ ಕೆಳಗಿನ ಮೂಲೆಯ ಮೇಲೆ, ತುಂಬಿದ ಚೀಲ ಇಳಿಸಿದ ಹಾಗೆ ಕೂತಿತ್ತು. ಪರದೆ ನೀಲಿಯಾಯಿತು. ಮತ್ತೆ ಆನ್ ಮಾಡಿ ಆ ಮೂಲೆಯನ್ನು ನಾನೇ ಹೆಬ್ಬೆರಳಿನಿಂದ ಒತ್ತಿದೆ. ಆಫ್! ಅದರಡಿಯಲ್ಲೇ ಹಾರ್ಡ್ ಡಿಸ್ಕ್ ಇತ್ತು. ಭಾರ ಬಿದ್ದಾಗಲೆಲ್ಲ ಅದರ ಸಡಿಲವಾದ ಕನೆಕ್ಷನ್ ತಪ್ಪುತ್ತಿತ್ತು.

"ಸಿಕ್ಕಿದ ಕಣಕ್ಕ ಕಳ್ಳ!" ಎಂದು ಕುಣಿದಾಡಿಬಿಟ್ಟೆ. "ನಾಳೆ ಆಫೀಸಿಂದ ಹೊಸ ಕನೆಕ್ಟರ್ ತಂದು ಹಾಕ್ತೀನಿ. ಅಲ್ಲೀವರೆಗೂ ಎಡಗೈ ಸ್ವಲ್ಪ ಎತ್ತಿ ಹಿಡ್ಕೊಂಡು ಟೈಪ್ ಮಾಡು. ಸಂಜೆಯೊಳಗೆ ಮುಗಿಯತ್ತೆ."

ಅಕ್ಕ ಮಡಿಲಲ್ಲಿದ್ದ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು.

"ಎತ್ತೋಕಾಗ್ತಿಲ್ಲ ಕಣೋ."

"ಅಂದ್ರೆ?"

"ಹೋದ ತಿಂಗಳಿಂದ ಜೋಮು ಹಿಡಿದ ಹಾಗಿದೆ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಿದೆ. ಲ್ಯಾಪ್‌ಟಾಪ್ ಹಾಳಾಗಿದೆ ಅಂತ ನೀನು ಹೇಳ್ತೀಯ, ಹೊಸದು ತಗೊಂಡ್ರೆ ಎಲ್ಲಾ ಸರಿಹೋಗತ್ತೆ ಅಂದ್ಕೊಂಡಿದ್ದೆ."

ಆ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಬೆರಳು ಮಡಿಸು ಎಂದರೆ ಎರಡು ಮಡಿಸಿದವು, ಉಳಿದವು ಸುಮ್ಮನಿದ್ದವು. ಅಷ್ಟರಲ್ಲಿ ಪ್ರೆಸ್ಸಿನವರ ಫೋನ್ ಬಂತು. ಅಕ್ಕ ಅದನ್ನು ನನ್ನ ಕಡೆ ತಳ್ಳಿದಳು.

"ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲೇ ಹೇಳೋ. ನನ್ನ ಕೈ ಅಂತ ಹೇಳ್ಬೇಡ."

ಹಾಗೆಯೇ ಹೇಳಿದೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿದೆ.